ಕೈ ಅಜ್ಜಿ ತೋರಿಸಿದ ಮನೆ

ಬೇರೆ ಶಾಲೆಯ ಮಕ್ಕಳು ಪ್ರವಾಸಕ್ಕೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾರೆ, ನಮ್ಮ ಶಾಲೆಯ ಮಕ್ಕಳು ಬಿಚ್ಚುತ್ತಾರೆ. ನಮ್ಮ ಪ್ರವಾಸ ನಡೆಯುವುದು ಕಂಪ್ಯೂಟರ್ ಕೋಣೆಯಲ್ಲಿ, ಆ ಕೋಣೆಗೆ ಧೂಳು ಹೋಗಬಾರದೆಂಬುದು ಮುಖ್ಯೋಪಾಧ್ಯಾಯಿನಿಯವರ ಕಟ್ಟಪ್ಪಣೆ. ಅಲ್ಲಿ ಸಾಲಾಗಿ ಕೂತಿರುವ ಕಂಪ್ಯೂಟರುಗಳಲ್ಲಿ ಜೀವವಿರುವುದು ಒಂದಕ್ಕೆ. ಮಿಕ್ಕವು ಧೂಳು ಬಿದ್ದರೂ ಕೆಮ್ಮುವ ಸ್ಥಿತಿಯಲ್ಲಿಲ್ಲ. ಆದರೂ ಅಪ್ಪಣೆ ಅಪ್ಪಣೆಯೇ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಬಿದ್ದಿತೆಂದರೆ ಒಂಬತ್ತನೇ ತರಗತಿ ಎಲ್ಲೋ ದೂರ ಹೋಗಿದೆ ಎಂದು ಇಡೀ ಶಾಲೆಗೆ ಗೊತ್ತಾಗುತ್ತದೆ.

ನಿಜವಾದ ಪ್ರವಾಸ ನಿಂತು ಬಹಳ ಕಾಲವಾಯಿತು. ಎಲ್ಲೋ ಯಾವುದೋ ಶಾಲೆಯ ಬಸ್ಸು ಹಳ್ಳಕ್ಕೆ ಬಿತ್ತು, ಒಂದೇ ಸುತ್ತೋಲೆಗೆ ಎಲ್ಲ ಶಾಲೆಗಳ ಬಸ್ಸೂ ನಿಂತಿತು. ಅದರ ಹಿಂದೆಯೇ ಇನ್ನೊಂದು ಸುತ್ತೋಲೆ ಬಂತು: ಪ್ರತಿ ಮಗುವೂ ವರ್ಷಕ್ಕೊಂದು ಐತಿಹಾಸಿಕ ಸ್ಥಳ, ಒಬ್ಬ ಸಾಹಿತಿಯ ಮನೆ ನೋಡಲೇಬೇಕು. ಹೋಗಕೂಡದು, ಆದರೆ ನೋಡಿ ಬರಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಭೆಯಲ್ಲಿ ಅದನ್ನು ಓದಿದಾಗ ನಕ್ಕವನು ನಾನೊಬ್ಬನೇ. "ನಗ್ತಿದ್ದೀರಲ್ಲಾ, ನೀವೇ ನೋಡ್ಕೊಳ್ಳಿ" ಎಂದು ಮುಖ್ಯೋಪಾಧ್ಯಾಯಿನಿ ಆ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಭಾಷೆ ಕಲಿಸುತ್ತಿದ್ದ ಮೇಷ್ಟ್ರು ನಾನು, ಬಸ್ಸಿಲ್ಲದ ಕಂಡಕ್ಟರನೂ ಆದೆ.

ಮೊದಲು ಒಂದು ಕೋಟೆಗೆ ಹೋದೆವು. "ಈಗ ನೀವು ಉತ್ತರ ದ್ವಾರದಲ್ಲಿದ್ದೀರಿ" ಎಂದಿತು ಕಂಪ್ಯೂಟರಿನ ಧ್ವನಿ. ಅಷ್ಟಕ್ಕೆ ನೆಟ್‌ವರ್ಕ್ ಹೋಯಿತು. ಗಂಟೆ ಹೊಡೆಯುವವರೆಗೂ ಉತ್ತರ ದ್ವಾರದಲ್ಲೇ ನಿಂತಿದ್ದೆವು. ಹಿಂದೆ ಆ ಕೋಟೆಯನ್ನು ಶತ್ರುಗಳು ಒಂದೇ ರಾತ್ರಿಯಲ್ಲಿ ಹಿಡಿದಿದ್ದರಂತೆ, ನಮಗೆ ಬಾಗಿಲು ದಾಟಲೂ ಆಗಲಿಲ್ಲ. ಆಮೇಲೆ ಒಂದು ಹಳೆಯ ಸೆರೆಮನೆಗೆ ಹೋದೆವು. ಅಲ್ಲಿಯ ಧ್ವನಿ ಎಷ್ಟು ನಯವಾಗಿತ್ತೆಂದರೆ ಹಿಂದಿನ ಬೆಂಚು ಪೂರ್ತಿ ನಿದ್ದೆ ಹೋಯಿತು. ಕೈದಿಗಳ ಕಷ್ಟ ಕೇಳುತ್ತಾ ಅಷ್ಟು ಸುಖವಾಗಿ ಮಲಗಿದವರನ್ನು ನಾನು ಎಲ್ಲೂ ಕಂಡಿಲ್ಲ.

ಮೂರನೆಯದು ಕಥೆಗಾರರ ಮನೆ. ಅವರ ಕಥೆಯೊಂದು ಒಂಬತ್ತನೇ ತರಗತಿಗೆ ಪಾಠವಾಗಿದೆ. ಅವರು ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮನೆಯನ್ನು ಒಂದು ಪ್ರತಿಷ್ಠಾನ ನೋಡಿಕೊಳ್ಳುತ್ತಿತ್ತು. ಅಲ್ಲಿಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾದ ಮೇಲೆ ಒಬ್ಬ ಹೆಂಗಸು ಎತ್ತಿದರು.

"ಇಲ್ಲಿ ಯಾರೂ ಇಲ್ಲ" ಎಂದರು.

"ನೀವು ಯಾರಮ್ಮಾ ಮಾತಾಡ್ತಿರೋದು?"

"ನಾನಾ? ನಾನು ಮನೆಯವಳು."

ನಾನು ನಗು ತಡೆದುಕೊಂಡು ನಮ್ಮ ಕಥೆ ಹೇಳಿದೆ. ಬಸ್ಸಿಲ್ಲ, ಮಕ್ಕಳು ಮನೆ ನೋಡಬೇಕು, ಯಾರಾದರೂ ಮೊಬೈಲ್ ಹಿಡಿದು ಒಳಗೆಲ್ಲ ಓಡಾಡಿದರೆ ಸಾಕು ಎಂದೆ. 

"ಓಡಾಡೋದು ತಾನೇ? ದಿನಾ ಅದನ್ನೇ ಮಾಡ್ತೀನಿ. ಆದ್ರೆ ನನ್ನ ಮುಖ ತೋರ್ಸಲ್ಲ ಮೇಷ್ಟ್ರೇ. ಕಥೆಗಾರರ ಮನೆ ನೋಡೋಕೆ ಬಂದ ಮಕ್ಕಳಿಗೆ ನನ್ನ ಮೋರೆ ಯಾಕೆ?"

ಆಕೆ ಕಥೆಗಾರರ ಸೊಸೆ. ಅವರ ಒಬ್ಬನೇ ಮಗನನ್ನು ಮದುವೆಯಾಗಿ, ಇನ್ನೂ ಸರಿಯಾಗಿ ಸೀರೆ ಉಡಲು ಬಾರದ ವಯಸ್ಸಿನಲ್ಲಿ ಆ ಮನೆಗೆ ಬಂದವರು. ಗಂಡ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಅಪ್ಪ ಬರೆದದ್ದನ್ನು ಮಗ ಜೋಡಿಸುತ್ತಿದ್ದ, ಇಬ್ಬರಿಗೂ ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದವರು ಈಕೆ. ಮಕ್ಕಳಾಗಲಿಲ್ಲ. ಗಂಡ ಮೊದಲು ಹೋದರು, ಅತ್ತೆ ಅದಕ್ಕೂ ಮೊದಲೇ ಹೋಗಿದ್ದರು. ಕೊನೆಗೆ ಮನೆಯಲ್ಲಿ ಉಳಿದದ್ದು ಮಾವ, ಸೊಸೆ ಇಬ್ಬರೇ. ಹಾಸಿಗೆ ಹಿಡಿದ ಮಾವನನ್ನು ಎತ್ತಿ, ಕೂರಿಸಿ, ಒರೆಸಿ ನೋಡಿಕೊಂಡದ್ದಕ್ಕೆ ಅವರ ಜೀವನಚರಿತ್ರೆಯಲ್ಲಿ ಈಕೆಗೆ ಸಿಕ್ಕಿದ್ದು ಎರಡು ಪದ: 'ಸೊಸೆಯ ಆರೈಕೆಯಲ್ಲಿ'. ಹೆಸರಿಲ್ಲ. ಅದೇ ಪುಸ್ತಕದಲ್ಲಿ ಅವರು ಸಾಕಿದ್ದ ನಾಯಿಗೆ ಹೆಸರಿದೆ.

ಸಾಯುವ ಮುಂಚೆ ಕಥೆಗಾರರು ಮನೆಯನ್ನು ಪ್ರತಿಷ್ಠಾನಕ್ಕೆ ಬರೆದುಕೊಟ್ಟರು. "ನಿಮ್ಮ ಸೊಸೆ?" ಎಂದು ಯಾರೋ ಕೇಳಿದರಂತೆ. "ಅವಳು ಇದ್ದೇ ಇರ್ತಾಳಲ್ಲ" ಎಂದರಂತೆ, ಮನೆಯ ಕಂಬದ ವಿಷಯ ಹೇಳಿದ ಹಾಗೆ. ಪ್ರತಿಷ್ಠಾನದ ಆಗಿನ ಹಿರಿಯರು ಮರ್ಯಾದಸ್ಥರು, ಹಿಂದಿನ ಕೋಣೆ ಸೊಸೆಯ ಕಾಲದವರೆಗೂ ಆಕೆಗೇ ಇರಲಿ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಬಾಯಿಮಾತು ಹೇಳಿದ ಬಾಯಿಗಳು ಒಂದೊಂದಾಗಿ ಮಣ್ಣು ಸೇರಿದವು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವುದು ಸಾಲಕ್ಕೆ ಮಾತ್ರ ಹೇಳಿದ ಮಾತಲ್ಲ.

ಮೊದಲ ದಿನದ ಪ್ರವಾಸ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊಬೈಲನ್ನು ಮುರಿದ ಕೊಡೆಯ ಹಿಡಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಂಡಿದ್ದರಂತೆ. ಪರದೆಯ ಮೇಲೆ ಮೊದಲು ಬಾಗಿಲು ಕಂಡಿತು.

"ಬಾಗಿಲು ಗಿಡ್ಡ, ತಲೆ ಬಗ್ಗಿಸ್ಕೊಂಡು ಬನ್ನಿ" ಎಂದರು.

ಬೆಂಚಿನ ಮೇಲೆ ಕೂತಿದ್ದ ಅಷ್ಟೂ ಮಕ್ಕಳು ತಲೆ ಬಗ್ಗಿಸಿದರು. ನಾನೂ ಬಗ್ಗಿಸಿದೆ, ಸುಳ್ಳೇಕೆ ಹೇಳಲಿ.

"ಎಡಗಡೆ ಮೆಟ್ಟಿಲು ಸವೆದಿದೆ, ಜಾರ್ತೀರಿ. ಹಾಂ, ಹಾಗೆ. ಎಲ್ಲಾರೂ ಬಂದ್ರಾ? ಹಿಂದೆ ಉಳ್ಕೊಂಡೋರು ಯಾರೂ ಇಲ್ವಲ್ಲಾ?" ಎಂದು ಕೇಳಿ, ಮೊಬೈಲನ್ನು ಹಿಂದಕ್ಕೆ ತಿರುಗಿಸಿ ಬಾಗಿಲನ್ನೊಮ್ಮೆ ನೋಡಿಯೇ ಮುಂದೆ ಹೋದರು. ಹಿಂದಿನ ಬೆಂಚಿನವರು "ಬಂದ್ವಿ ಅಜ್ಜೀ" ಎಂದು ಕೂಗಿದರು. ಅವತ್ತು ಅಲ್ಲಿ ಯಾರೂ ನಿದ್ದೆ ಮಾಡಲಿಲ್ಲ.

ಪರದೆಯಲ್ಲಿ ಕಾಣುತ್ತಿದ್ದುದು ಆಕೆಯ ಬಲಗೈ ಮಾತ್ರ. ಯಾವುದೋ ಕಾಲದಲ್ಲಿ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿದ್ದ ನಡುಬೆರಳು. ತೋರುಬೆರಳು ಕಿಟಕಿಯನ್ನು ತೋರಿಸಿದರೆ ನಡುಬೆರಳು ಗೋಡೆಯನ್ನು ತೋರಿಸುತ್ತಿತ್ತು. ಮಕ್ಕಳು ಆ ದಿನವೇ ಹೆಸರಿಟ್ಟರು: ಕೈ ಅಜ್ಜಿ. ನಾನು ಗದರಲು ಹೊರಟೆ, ಆಕೆಯೇ ತಡೆದರು. "ಇರ್ಲಿ ಬಿಡಿ ಮೇಷ್ಟ್ರೇ. ಬರೀ ಸೊಸೆ ಅನ್ನೋದಕ್ಕಿಂತ ವಾಸಿ."

ಆಗ ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅವಳು ಕೇಳುವ ಪ್ರಶ್ನೆಗಳಿಗೆ ತುದಿಮೊದಲಿಲ್ಲದ್ದರಿಂದ ಸ್ಟಾಫ್ ರೂಮಿನಲ್ಲಿ ಅವಳನ್ನು 'ಪ್ರಶ್ನೆಪತ್ರಿಕೆ' ಎಂದೇ ಕರೆಯುತ್ತಿದ್ದೆವು. ಅವಳು ಎದ್ದು ನಿಂತು ಕೇಳಿದಳು: "ಅಜ್ಜೀ, ನಮ್ಮ ಪುಸ್ತಕದಲ್ಲಿ ಅವರು ಮೇಜಿನ ಮುಂದೆ ಕೂತು ಬರೀತಿರೋ ಫೋಟೋ ಇದೆ. ಆ ಮೇಜು ಎಲ್ಲಿದೆ?"

"ಮೇಜಾ?" ಕೈ ಗೋಡೆಯ ಬದಿಗೆ ತಿರುಗಿತು. ಅಲ್ಲಿ ಗೂಡ್ಸ್ ಲಾರಿಯಷ್ಟು ದೊಡ್ಡ ಮೇಜು, ಅದರ ಮೇಲೆ ಮಡಿಸಿಟ್ಟ ಕಂಬಳಿಗಳು, ಇಸ್ತ್ರಿ ಪೆಟ್ಟಿಗೆ. "ಇದು ಯಾವುದೋ ಸನ್ಮಾನದಲ್ಲಿ ಕೊಟ್ಟಿದ್ದು. ಬಾಗಿಲಲ್ಲಿ ಹಿಡಿಸ್ದೆ ಕಾಲು ಕೊಯ್ದು ಒಳಗೆ ತಂದ್ರು. ನಮ್ಮ ಮಾವ ಇದರ ಮುಂದೆ ಕೂತಿದ್ದು ಒಂದೇ ಸಲ, ಫೋಟೋದೋನು ಬಂದಾಗ. ಫೋಟೋ ಸರಿಯಾಗಿ ನೋಡು ಮಗೂ, ಪೆನ್ನಿನ ಮುಚ್ಚಳ ತೆಗ್ದಿಲ್ಲ."

ಮಕ್ಕಳೆಲ್ಲ ಪುಸ್ತಕ ತೆಗೆದರು. ನಾನೂ ಬಗ್ಗಿ ನೋಡಿದೆ. ಎಷ್ಟೋ ವರ್ಷಗಳಿಂದ ಆ ಪಾಠ ಮಾಡುತ್ತಿದ್ದೇನೆ, ಮುಚ್ಚಳ ಕಂಡಿರಲಿಲ್ಲ. ತರಗತಿ ನಗೆಯಿಂದ ಎದ್ದು ಕುಣಿಯಿತು.

"ಮತ್ತೆ ಎಲ್ಲಿ ಬರೀತಿದ್ರು?"

ಕೈ ನೆಲದ ಕಡೆಗೆ ಬಾಗಿತು. "ಇಲ್ಲಿ. ನಡುಮನೆ ನೆಲದ ಮೇಲೆ. ಎದೆ ಕೆಳಗೊಂದು ದಿಂಬು ಇಟ್ಕೊಂಡು ಬೋರಲು ಮಲಗಿ ಬರೀತಿದ್ರು. ಹಗಲೆಲ್ಲಾ ಕಚೇರೀಲಿ ಗುಮಾಸ್ತೆ ಕೆಲಸ. ಕುರ್ಚಿ ಮೇಲೆ ಕೂತ್ರೆ ಸಾಹೇಬ್ರು ನೆನಪಾಗ್ತಾರೆ, ಕಥೆ ಓಡಿಹೋಗುತ್ತೆ ಅಂತಿದ್ರು. ನಾನು ಅಡುಗೆಮನೆಗೆ ಹೋಗ್ಬೇಕಾದ್ರೆ ಅವರ ಕಾಲು ದಾಟ್ಕೊಂಡೇ ಹೋಗ್ಬೇಕು. ದೊಡ್ಡೋರ ಕಾಲು ದಾಟ್ಬಾರ್ದು ಅಂತ ಹೆದರ್ಕೊಂಡು ನಿಂತ್ರೆ, ದಾಟು ತಾಯೀ, ಇಲ್ದಿದ್ರೆ ಇಬ್ರಿಗೂ ಊಟ ಇಲ್ಲ ಅಂತಿದ್ರು."

ಮಾರನೆಯ ದಿನ ಪ್ರಬಂಧ ಬರೆಯಲು ಹೇಳಿದೆ. ನೋಡಿದರೆ ಅರ್ಧ ತರಗತಿ ನೆಲದ ಮೇಲೆ ಬೋರಲು ಬಿದ್ದಿತ್ತು. ಮುಖ್ಯೋಪಾಧ್ಯಾಯಿನಿ ಅದೇ ಹೊತ್ತಿಗೆ ಕಾರಿಡಾರಿನಲ್ಲಿ ಬಂದರು. ಅವರಿಗೆ ಏನು ಹೇಳಿದೆನೆಂಬುದು ಇಲ್ಲಿ ಬೇಡ. ಆದರೆ ಆ ಸಲದಷ್ಟು ಒಳ್ಳೆಯ ಪ್ರಬಂಧಗಳು ನನಗೆ ಮತ್ತೆಂದೂ ಸಿಗಲಿಲ್ಲ.

ನಾನು ಬೇರೆ ಶಾಲೆಗಳ ಮೇಷ್ಟ್ರುಗಳಿಗೆ ಹೇಳಿದೆ, ಅವರು ಇನ್ನಷ್ಟು ಜನರಿಗೆ ಹೇಳಿದರು. ಕೈ ಅಜ್ಜಿಗೆ ಬಿಡುವಿಲ್ಲದಂತಾಯಿತು. ಫೋನಿನಲ್ಲಿ ಮಾತಾಡುವಾಗ ಆಕೆಯ ಧ್ವನಿಯಲ್ಲಿ ಒಂದು ಬಗೆಯ ಠೀವಿ ಬಂದಿತ್ತು. "ಇವತ್ತು ಎರಡು ಸ್ಕೂಲು ಬಂದಿದ್ವು ಮೇಷ್ಟ್ರೇ, ಮನೆ ತುಂಬಾ ಮಕ್ಕಳು" ಎನ್ನುತ್ತಿದ್ದರು. ಒಂದು ಮಗುವೂ ಆ ಹೊಸಿಲು ದಾಟಿರಲಿಲ್ಲ. ಆದರೂ ಆಕೆ ಮಕ್ಕಳು ಬರುವ ದಿನ ನೆಲ ಒರೆಸುತ್ತಿದ್ದರಂತೆ.

ಬೆಳೆದದ್ದು ಕಣ್ಣಿಗೆ ಬೀಳದೆ ಇರುತ್ತದೆಯೇ? ಪ್ರತಿಷ್ಠಾನಕ್ಕೆ ಹೊಸ ಕಾರ್ಯದರ್ಶಿ ಬಂದಿದ್ದರು. ಇಷ್ಟು ಶಾಲೆಗಳು ಕೇಳುತ್ತಿರುವಾಗ ಕೊಡೆಯ ಹಿಡಿಯಲ್ಲಿ ತೋರಿಸುವುದು ಪ್ರತಿಷ್ಠಾನದ ಘನತೆಗೆ ಕುಂದು ಎಂದು ಅವರಿಗೆ ಅನ್ನಿಸಿತು. ಎಲ್ಲ ದಿಕ್ಕನ್ನೂ ಒಟ್ಟಿಗೆ ಹಿಡಿಯುವ ಕ್ಯಾಮೆರಾ ತರಿಸಿ ಮನೆಯನ್ನು ಚಿತ್ರೀಕರಿಸಿದರೆ ಮಕ್ಕಳು ತಾವೇ ಬೇಕಾದ ಕಡೆ ತಿರುಗಿ ನೋಡಬಹುದು ಎಂದರು. ನನಗೂ ಫೋನ್ ಮಾಡಿ ಹೇಳಿದರು. ಒಳ್ಳೆಯದೇ ಆಯಿತಲ್ಲ, ಆಕೆಗೆ ಓಡಾಡುವ ಶ್ರಮ ಕಮ್ಮಿಯಾಯಿತು ಎಂದುಕೊಂಡೆ.

ಚಿತ್ರೀಕರಣದ ದಿನ ಸಂಜೆ ಆಕೆಯ ಫೋನ್ ಬಂತು.

"ಮೇಷ್ಟ್ರೇ, ಈ ಕ್ಯಾಮೆರಾಕ್ಕೆ ಹಿಂದೆ ಅನ್ನೋದೇ ಇಲ್ಲವಂತೆ. ನಾನು ಯಾವಾಗ್ಲೂ ಹಾಗೆ ಹಿಂದೆ ನಿಂತ್ಕೋತೀನಿ ಅಂದೆ. ಎಲ್ಲಿ ನಿಂತ್ರೂ ಕಾಣ್ತೀರಿ, ಮನೆಯಿಂದ್ಲೇ ಆಚೆ ಹೋಗಿ ಅಂದ್ರು. ಎದುರುಗಡೆ ಅಂಗಡಿ ಮುಂದೆ ನಿಂತಿದ್ದೆ ಬೆಳಗ್ಗೆಯಿಂದ."

"ಈಗ ಒಳಗೆ ಹೋದ್ರಾ?"

"ಹೋದೆ. ನನ್ನ ಮಂಚ, ಪೆಟ್ಟಿಗೆ ಎಲ್ಲಾ ಪಂಪ್ ಶೆಡ್ಡಲ್ಲಿ ಇಟ್ಟಿದ್ದಾರೆ. ಆ ಮೇಜು ನನ್ನ ಕೋಣೇಲಿ ಕೂತಿದೆ. ಕಿಟಕಿ ಬೆಳಕು ಚೆನ್ನಾಗಿದೆಯಂತೆ. ನನ್ನ ಕೋಣೇಲಿ ಬೆಳಕು ಚೆನ್ನಾಗಿದೆ ಅಂತ ಇಷ್ಟು ವರ್ಷಕ್ಕೆ ಇವತ್ತು ಗೊತ್ತಾಯ್ತು ನೋಡಿ." ಆಕೆ ನಕ್ಕರು. "ಎರಡು ದಿನದ ಮಟ್ಟಿಗಂತೆ. ತಮ್ಮನ ಮನೆಗೆ ಹೋಗಿರ್ತೀನಿ."

ಎರಡು ದಿನ ಎರಡು ತಿಂಗಳಾಯಿತು. ಅಷ್ಟರಲ್ಲಿ ಚಿತ್ರ ಸಿದ್ಧವಾಯಿತು. ಮೃದಂಗದ ಹಿನ್ನೆಲೆ, ರೇಡಿಯೋ ಗಂಟಲು. 'ಈ ಕೋಣೆಯಲ್ಲಿ, ಈ ಕಿಟಕಿಯ ಬೆಳಕಿನಲ್ಲಿ, ಈ ಮೇಜಿನ ಮೇಲೆ...' ಮೇಜಿನ ಮೇಲೆ ಒಂದು ಕನ್ನಡಕ, ಒಂದು ಮುಚ್ಚಳ ತೆಗೆದ ಪೆನ್ನು. ಕನ್ನಡಕ ಯಾರದೋ ಗೊತ್ತಿಲ್ಲ. ಚಿತ್ರ ನೋಡಿದ ಜನ ಖುದ್ದಾಗಿ ಮನೆ ನೋಡಲು ಬರತೊಡಗಿದರು. ಬಂದವರು ಮೊದಲು ಕೇಳುತ್ತಿದ್ದುದು ಆ ಮೇಜಿನ ಕೋಣೆಯನ್ನೇ. ಹೀಗಾಗಿ ಮೇಜು ಕೋಣೆ ಬಿಟ್ಟು ಅಲ್ಲಾಡುವಂತಿಲ್ಲ, ಮಂಚ ಕೋಣೆಗೆ ಬರುವಂತಿಲ್ಲ. ಮನೆಯ ಚಿತ್ರ ತೆಗೆದದ್ದು ಹೋಗಿ, ಚಿತ್ರಕ್ಕೆ ತಕ್ಕ ಮನೆ ಇಟ್ಟುಕೊಳ್ಳುವ ಹಣೆಬರಹ ಬಂತು.

ನನಗೆ ಮೈಯೆಲ್ಲ ಉರಿಯಿತು. ಫೋನಿನಲ್ಲಿ ಕೂಗಾಡಿದರೆ ಪ್ರಯೋಜನವಿಲ್ಲವೆಂದು ಒಂದು ರಜೆಯ ದಿನ ಬಸ್ಸು ಹತ್ತಿದೆ. ಮೊದಲು ಆಕೆಯ ತಮ್ಮನ ಮನೆಗೆ ಹೋದೆ. ಬಾಗಿಲು ತೆಗೆದದ್ದು ಕುಳ್ಳಗಿನ, ದುಂಡುಮುಖದ ವಯಸ್ಸಾದ ಹೆಂಗಸು. "ಕಥೆಗಾರರ ಸೊಸೆ ಇದ್ದಾರಾ?" ಎಂದು ಕೇಳಿದೆ. ಆಕೆ ಏನೂ ಹೇಳದೆ ಕುರ್ಚಿಯ ಕಡೆ ಕೈ ತೋರಿಸಿದರು. ನಡುಬೆರಳು ಗೋಡೆಯ ಕಡೆ ಹೋಯಿತು. ಇಷ್ಟು ದಿನ ಮಾತಾಡಿದವರ ಮುಖ ಗುರುತಾಗದೆ ಕೈ ಗುರುತಾದದ್ದಕ್ಕೆ ನನಗೆ ನಾಚಿಕೆಯಾಯಿತು. ಆಕೆ ಮಾತ್ರ ಹಿಗ್ಗಿಹೋಗಿದ್ದರು.

ಆ ಮನೆಯಲ್ಲಿ ಜಾಗವಿರಲಿಲ್ಲ. ಕೆಟ್ಟವರೆಂದು ಯಾರನ್ನೂ ಹೇಳಲಾರೆ. ತಮ್ಮ, ತಮ್ಮನ ಹೆಂಡತಿ, ಅವರ ಮಗ, ಸೊಸೆ, ಒಂದು ತೊಟ್ಟಿಲ ಕೂಸು, ಇಷ್ಟೂ ಜನಕ್ಕೆ ಒಂದು ಹಾಲು, ಒಂದು ಕೋಣೆ. ಆಕೆಯ ಪೆಟ್ಟಿಗೆ ಟಿವಿಯ ಕೆಳಗಿತ್ತು. ಎಲ್ಲರೂ ಟಿವಿ ಆರಿಸಿದ ಮೇಲೆ ಆಕೆ ಮಲಗಬೇಕು, ಯಾರಾದರೂ ಎದ್ದರೆ ಆಕೆಯೂ ಏಳಬೇಕು. ತಮ್ಮನ ಹೆಂಡತಿ ಚಹಾ ತಂದಿಟ್ಟು, "ಅತ್ತಿಗೆಗೆ ನಾವೇನೂ ಅಂದಿಲ್ಲ ಸಾರ್" ಎಂದು ಕೇಳದೆಯೇ ಹೇಳಿದರು. ಅಂದಿಲ್ಲವೆಂದು ಹೇಳಬೇಕಾಗಿ ಬಂತೆಂದರೆ ಅನ್ನುವ ಮಾತು ಗಂಟಲವರೆಗೆ ಬಂದಿದೆ ಎಂದೇ ಅರ್ಥ.

"ನನಗೆ ಬೇರೇನೂ ಬೇಡ ಮೇಷ್ಟ್ರೇ" ಎಂದರು ಆಕೆ, ಬೀದಿಯ ತುದಿಯವರೆಗೆ ನನ್ನ ಜೊತೆ ಬರುತ್ತಾ. "ಆ ಮನೇಲಿ ಒಂದು ಮೂಲೆ. ಸಾಯೋಕೆ ಒಂದು ಜಾಗ ಬೇಕಲ್ಲಾ. ಇಲ್ಲಿ ಸಾಯೋಕೂ ಸಂಕೋಚ."

ಅಲ್ಲಿಂದ ನೇರ ಪ್ರತಿಷ್ಠಾನಕ್ಕೆ ಹೋದೆ. ಕಾರ್ಯದರ್ಶಿಯದು ನಯವಾದ ಮಾತು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ನಾನು ಕೂಗಿದಷ್ಟೂ ಅವರು ಮೆತ್ತಗಾದರು. "ಅಮ್ಮನ ಬಗ್ಗೆ ನಮಗೂ ಗೌರವ ಇದೆ ಸಾರ್. ಅದಕ್ಕೇ ಒಂದು ಯೋಚನೆ ಮಾಡಿದ್ದೀವಿ." ಯೋಚನೆ ಇದು: ಶಾಲೆಗಳು ಚಿತ್ರ ನೋಡಿದ ಮೇಲೆ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲು ಒಬ್ಬರು ಬೇಕು. ಆ ಕೆಲಸ ಅಮ್ಮನೇ ಮಾಡಲಿ. ಅಡುಗೆಮನೆಯ ಪಕ್ಕದ ಉಗ್ರಾಣ ಖಾಲಿ ಮಾಡಿಸಿದರೆ ಅವರು ಅಲ್ಲಿರಬಹುದು. "ಒಂದೇ ಒಂದು ವಿನಂತಿ. ಚಿತ್ರದಲ್ಲಿರೋದಕ್ಕೂ ಅವರು ಹೇಳೋದಕ್ಕೂ ತಾಳೆ ಇರಬೇಕು. ಮಕ್ಕಳಿಗೆ ಗೊಂದಲ ಆಗಬಾರದಲ್ಲಾ ಸಾರ್? ಮೊದಲು ನಿಮ್ಮ ಶಾಲೆಯ ಜೊತೆ ಒಂದು ಸಲ ಮಾಡಿ ನೋಡೋಣ. ಸಮಿತಿಯೋರೂ ನೋಡ್ತಾರೆ."

"ಅಂದ್ರೆ ಸುಳ್ಳು ಹೇಳಿ ಅಂತಾಯ್ತು."

"ಛೆ ಛೆ. ಯಾರು ಹಾಗಂದ್ರು? ನೆಲದ ಮೇಲೆ ಅಂತ ಅವರೊಬ್ರೇ ಹೇಳ್ತಾರೆ. ಫೋಟೋದಲ್ಲಿ ಮೇಜಿದೆ. ಯಾವುದನ್ನ ನಂಬಬೇಕು ಹೇಳಿ?"

ತಮ್ಮನ ಮನೆಗೆ ಮತ್ತೆ ಹೋಗಿ ಈ ಮಾತನ್ನು ಆಕೆಗೆ ಹಾಗೆಯೇ ತಲುಪಿಸಿದೆ. ಆಕೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು. ನಾನು ಬಸ್ಸಿನಲ್ಲಿ ಬರುವಾಗ ಆಕೆ ಆ ಸುಳ್ಳು ಹೇಳಲಾರರು ಎಂದುಕೊಂಡೆ. ಹೇಳಲಿ ಎಂದೂ ಅನ್ನಿಸುತ್ತಿತ್ತು. ಮೇಜಂತೆ ಮೇಜು! ಯಾರ ಗಂಟು ಹೋಗುತ್ತದೆ? ಒಂದು ಮೇಜಿಗೆ ಒಬ್ಬ ಮುದುಕಿಯ ತಲೆಯ ಮೇಲೊಂದು ಸೂರು ಸಿಗುವುದಾದರೆ ಹತ್ತು ಮೇಜು ಹೇಳಲಿ.

ಸಮಿತಿಯವರು ನೋಡುವ ದಿನ ಮಕ್ಕಳು ಎಂದಿನಂತೆ ಚಪ್ಪಲಿ ಬಿಟ್ಟು ಒಳಗೆ ಬಂದರು. ರೇಡಿಯೋ ಗಂಟಲು ಮುಗಿಯುವವರೆಗೆ ಹೇಗೋ ಸಹಿಸಿಕೊಂಡರು. ಆಮೇಲೆ ಪರದೆಯಲ್ಲಿ ಆ ಕೋಣೆ ಬಂತು, ಮೇಜಿನ ಪಕ್ಕ ಆಕೆ ನಿಂತಿದ್ದರು. ಈ ಸಲ ಮೊಬೈಲ್ ಹಿಡಿದವರು ಬೇರೆ ಯಾರೋ, ಆಕೆಯ ಮುಖ ಕಾಣುತ್ತಿತ್ತು. ಇಸ್ತ್ರಿ ಮಾಡಿದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. "ಕೈ ಅಜ್ಜೀ! ಅಜ್ಜೀ ಮುಖಾ!" ಎಂದು ಮಕ್ಕಳು ಬೆಂಚು ಕುಟ್ಟಿದರು. ಆಕೆ ನಗಲು ಹೋಗಿ ಪಕ್ಕಕ್ಕೆ ನೋಡಿದರು. ಪಕ್ಕದಲ್ಲಿ ಕಾರ್ಯದರ್ಶಿಯ ತೋಳು ಕಾಣುತ್ತಿತ್ತು.

"ನಮ್ಮ ಮಾವನವರು ಇದೇ ಕೋಣೆಯಲ್ಲಿ, ಇದೇ ಮೇಜಿನ ಮೇಲೆ ಎಲ್ಲಾ ಕಥೆಗಳನ್ನೂ ಬರೆದರು" ಎಂದರು. ಪಾಠ ಒಪ್ಪಿಸುವ ಮಗುವಿನ ಧ್ವನಿ ಅದು. ಆಕೆ ಹಾಗೆ ಪುಸ್ತಕದ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಪ್ರಶ್ನೆಪತ್ರಿಕೆ ಎದ್ದಳು. ನಾನು ಕಣ್ಣಲ್ಲೇ ಕೂರು ಎಂದೆ. ಅವಳು ನನ್ನನ್ನು ನೋಡಲಿಲ್ಲ.

"ಅಜ್ಜೀ, ನೀವು ನಡುಮನೇಲಿ ಅಂದಿದ್ರಿ. ನೆಲದ ಮೇಲೆ, ಬೋರಲು ಮಲಗಿ. ನೀವು ಅವರ ಕಾಲು ದಾಟ್ತಿದ್ರಿ."

ಆಕೆಯ ಕೈ ಮೇಜಿನ ಮೇಲೆ ಹಾಗೇ ನಿಂತಿತು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಹೋಗಲಿ ದೇವರೇ ಎಂದು ಬೇಡಿಕೊಂಡೆ. ದಿನಾ ಕೈಕೊಡುವ ನೆಟ್‌ವರ್ಕ್ ಅವತ್ತು ಗಟ್ಟಿಯಾಗಿ ನಿಂತಿತ್ತು.

"ಇಲ್ಲ ಮಗೂ" ಎಂದರು ಆಕೆ. "ಅದು ನಾನು ತಪ್ಪು ಹೇಳಿದ್ದು. ವಯಸ್ಸಾಯ್ತು ನೋಡು, ಏನೋ ಒಂದಕ್ಕೊಂದು ಸೇರಿಸಿ ಹೇಳಿಬಿಟ್ಟೆ. ನೆಲದ ಮೇಲೆ ಯಾರಾದ್ರೂ ಬರೀತಾರಾ? ಮೇಜಿನ ಮೇಲೇ ಬರೀತಿದ್ದಿದ್ದು."

ಹುಡುಗಿ "ಹೌದಾ" ಎಂದು ಕೂತಳು. ವಾದ ಮಾಡುವ ಹುಡುಗಿ ಅವಳು, ನನ್ನ ಜೊತೆ ದಿನಾ ಮಾಡುತ್ತಿದ್ದಳು. ಅಜ್ಜಿಯ ಜೊತೆ ಮಾಡಲಿಲ್ಲ. ಅಜ್ಜಿ ಹೇಳಿದ ಮೇಲೆ ಮುಗಿಯಿತು. ಉಳಿದವರೂ ತಲೆಯಾಡಿಸಿದರು. ಪರದೆ ಆರಿದ ಮೇಲೆ ನಾನು ಕಪ್ಪುಹಲಗೆಯ ಕಡೆ ತಿರುಗಿ ಇಲ್ಲದ ಅಕ್ಷರ ಒರೆಸುತ್ತಾ ನಿಂತೆ. ಇನ್ನೇನು ಮಾಡುವುದು? ಮಕ್ಕಳಿಗೆ ನಿಜ ಹೇಳಿದರೆ ಆಕೆ ಸುಳ್ಳುಗಾತಿ, ಹೇಳದಿದ್ದರೆ ಮೇಜೇ ನಿಜ. ಅತ್ತ ದರಿ, ಇತ್ತ ಪುಲಿ. ಏನಾದರಾಗಲಿ, ಆಕೆಗೆ ಉಗ್ರಾಣವಾದರೂ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡು ಬಾಯಿ ಮುಚ್ಚಿಕೊಂಡೆ.

ಸಮಿತಿಯ ಸಭೆ ಮುಗಿದ ಮೇಲೆ ಕಾರ್ಯದರ್ಶಿಯೇ ಫೋನ್ ಮಾಡಿದರು. ಮಾತು ಎಂದಿಗಿಂತ ನಯವಾಗಿತ್ತು.

"ಸಾರ್, ಸಮಿತಿಯೋರು ಬೇಡ ಅಂದ್ರು. ಅಮ್ಮನೇ ಒಪ್ಕೊಂಡ್ರಲ್ಲಾ, ಹಿಂದೆ ತಪ್ಪು ಹೇಳಿದ್ದೆ, ನೆನಪು ಸರಿಯಿಲ್ಲ ಅಂತ. ನಾಳೆ ಇನ್ನೊಂದು ಹೇಳಿದ್ರೆ? ಮಕ್ಕಳ ವಿಷಯ ನೋಡಿ. ಅವರ ವಯಸ್ಸಿಗೆ ಇನ್ನು ವಿಶ್ರಾಂತಿ ಒಳ್ಳೇದು."

"ಹಾಗೆ ಹೇಳಿಸಿದ್ದು ನೀವಲ್ವೇನ್ರೀ!" ನಾನು ಸ್ಟಾಫ್ ರೂಮಿನಲ್ಲಿದ್ದೇನೆ ಎಂಬುದನ್ನೂ ಮರೆತು ಅರಚಿದೆ.

"ನಾವೆಲ್ಲಿ ಹೇಳಿಸಿದ್ವಿ ಸಾರ್? ತಾಳೆ ಇರಲಿ ಅಂದ್ವಿ, ಅಷ್ಟೇ."

ಇನ್ನೂ ಏನೇನೋ ಬೈದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಎಲ್ಲದಕ್ಕೂ "ಅರ್ಥ ಆಗುತ್ತೆ ಸಾರ್" ಎಂದರು. ಗುದ್ದಿದರೆ ನೋಯಲು ಎದುರಿಗೆ ಗೋಡೆಯಾದರೂ ಇರಬೇಕು, ಇದು ಹತ್ತಿಯ ಮೂಟೆ. ಉಗ್ರಾಣದಲ್ಲಿ ಬಂದವರ ಬ್ಯಾಗು, ಚಪ್ಪಲಿ ಇಡುವ ವ್ಯವಸ್ಥೆ ಮಾಡುತ್ತಾರಂತೆ. ಮಂಚವನ್ನು ಪಂಪ್ ಶೆಡ್ಡಿನಿಂದ ತೆಗೆಸಿಕೊಳ್ಳಲು ಅಮ್ಮನಿಗೆ ನಾನೇ ಹೇಳಬೇಕಂತೆ.

ಹೇಳುವ ಧೈರ್ಯ ಬರಲಿಲ್ಲ. ಸಂಜೆ ಆಕೆಯೇ ಫೋನ್ ಮಾಡಿದರು. ಅಷ್ಟರಲ್ಲಿ ಯಾರೋ ಹೇಳಿಬಿಟ್ಟಿದ್ದರು. ಆಕೆ ಅಳಲಿಲ್ಲ, ಕಾರ್ಯದರ್ಶಿಯನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಜೊತೆಗೂಡುತ್ತಿದ್ದೆ, ನನಗಷ್ಟು ಹಗುರವಾಗುತ್ತಿತ್ತು. ಹಿಂದೆ ಟಿವಿಯ ಗದ್ದಲ, ಕೂಸಿನ ಅಳು ಕೇಳುತ್ತಿತ್ತು.

"ಮೇಷ್ಟ್ರೇ, ಅದು ಹೋಗ್ಲಿ ಬಿಡಿ. ಮಕ್ಕಳು ಏನಂದ್ರು? ನನ್ನನ್ನ ಸುಳ್ಳುಬುರುಕಿ ಅಂದ್ಕೊಂಡ್ರಾ?"

"ಖಂಡಿತಾ ಇಲ್ಲಮ್ಮಾ" ಎಂದೆ. ಅಂದು ನಾನು ಆಕೆಗೆ ಹೇಳಬಹುದಾಗಿದ್ದ ಒಳ್ಳೆಯ ಮಾತು ಅದೊಂದೇ ಆಗಿತ್ತು, ಒತ್ತಿ ಹೇಳಿದೆ. "ಒಬ್ರೂ ಹಾಗಂದ್ಕೊಂಡಿಲ್ಲ. ಆ ಹುಡುಗಿ ಕೂಡಾ ಅಂದ್ಕೊಂಡಿಲ್ಲ. ನೀವು ಹೇಳಿದ ಮೇಲೆ ಅವರಿಗೆ ಅದೇ ನಿಜ."



"ಹಾಗಾದ್ರೆ ಮೇಜೇ ಅಂತ ನಂಬಿಬಿಟ್ರಾ?"

ಅಲ್ಲಿ ಯಾರೋ ಆಕೆಯನ್ನು ಕರೆದು ಏನೋ ಹೇಳಿದ್ದು ಕೇಳಿಸಿತು.

"ಇಡ್ತೀನಿ ಮೇಷ್ಟ್ರೇ" ಎಂದರು ಆಕೆ. "ಇಲ್ಲಿ ಕೂಸಿಗೆ ಹಾಸಿಗೆ ಹಾಸ್ಬೇಕಂತೆ, ನಾನು ಏಳ್ಬೇಕು."